ಶಕ್ತಿಮಾನ್ ಧಾರಾವಾಹಿಯ ಪುನರಾರಂಭದ ಚರ್ಚೆ

ಶಕ್ತಿಮಾನ್ ಎಂಬುದು ದೂರದರ್ಶನದ ರಾಷ್ಟ್ರೀಯ ವಾಹಿನಿಯಲ್ಲಿ 1997ರ ಸೆಪ್ಟೆಂಬರ್ 13ರಿಂದ 2005ರ ಮಾರ್ಚ್ 27ರವರೆಗೆ ಪ್ರಸಾರವಾದ ಹಿಂದಿ ಭಾಷೆಯ ಧಾರಾವಾಹಿ. ವೈಜ್ಞಾನಿಕ ಕಲ್ಪನೆ, ಪುರಾಣ ಮತ್ತು ಯೋಗಶಾಸ್ತ್ರದ ಅಂಶಗಳನ್ನು ಬೆರೆಸಿ ರೂಪಿಸಿದ ಈ ಅತಿಮಾನವ ಕಥೆಯ ಸುಮಾರು 450 ಸಂಚಿಕೆಗಳು ತೆರೆಕಂಡಿವೆ. ನಟ ಮುಕೇಶ್ ಖನ್ನಾ ಇದರ ನಿರ್ಮಾಪಕರೂ ಹೌದು, ಮುಖ್ಯ ಪಾತ್ರಧಾರಿಯೂ ಹೌದು. ದಿನಕರ್ ಜಾನಿ ನಿರ್ದೇಶಿಸಿದ್ದಾರೆ. ಧಾರಾವಾಹಿಯು ಮುಗಿದ ನಂತರ ಅದನ್ನು ಮತ್ತೆ ತೆರೆಗೆ ತರುವ ಪ್ರಯತ್ನಗಳು ಹಲವು ರೂಪಗಳಲ್ಲಿ ನಡೆದಿವೆ. 2022ರಲ್ಲಿ ಚಲನಚಿತ್ರವೊಂದರ ಘೋಷಣೆಯಾದ ಮೇಲೆ, ಆ ಉಡುಪನ್ನು ಇನ್ನು ಮುಂದೆ ಯಾರು ತೊಡಬೇಕು ಎಂಬುದು ಅಭಿಮಾನಿಗಳ ನಡುವೆ ದೀರ್ಘ ಚರ್ಚೆಗೆ ಕಾರಣವಾಯಿತು.

ಕಥಾವಸ್ತು

ಸೂರ್ಯಾಂಶಿ ಪಂಥದ ಋಷಿಗಳು ಒಬ್ಬ ಮನುಷ್ಯನನ್ನು ಆರಿಸಿ, ಅವನ ದೇಹದ ಏಳು ಚಕ್ರಗಳನ್ನು ಜಾಗೃತಗೊಳಿಸಿ, ಪಂಚಭೂತಗಳ ಬಲವನ್ನು ಅವನಿಗೆ ಧಾರೆಯೆರೆಯುತ್ತಾರೆ. ಹೀಗೆ ರೂಪುಗೊಂಡ ಶಕ್ತಿಮಾನ್ ನಗರದಲ್ಲಿ ಪಂಡಿತ ಗಂಗಾಧರ ವಿದ್ಯಾಧರ ಮಾಯಾಧರ ಓಂಕಾರನಾಥ ಶಾಸ್ತ್ರಿ ಎಂಬ ಉದ್ದನೆಯ ಹೆಸರಿನಿಂದ, ದಪ್ಪ ಕನ್ನಡಕ ಹಾಗೂ ಉಬ್ಬುಹಲ್ಲಿನ ವೇಷದಲ್ಲಿ ಪತ್ರಿಕಾ ಛಾಯಾಗ್ರಾಹಕನಾಗಿ ಬದುಕುತ್ತಾನೆ. ‘ಆಜ್ ಕೀ ಆವಾಜ್’ ಪತ್ರಿಕೆಯ ವರದಿಗಾರ್ತಿ ಗೀತಾ ವಿಶ್ವಾಸ್ ಅವನ ಸಹೋದ್ಯೋಗಿ. ಕತ್ತಲೆಯ ಅಧಿಪತಿ ತಮರಾಜ್ ಕಿಲ್ವಿಶ್ ಮುಖ್ಯ ಖಳನಾಯಕ. ಸುರೇಂದ್ರ ಪಾಲ್ ಈ ಪಾತ್ರವನ್ನು ನಿರ್ವಹಿಸಿದರು. ಪ್ರಯೋಗಶಾಲೆಯಲ್ಲಿ ಕುಳಿತು ವಿಜ್ಞಾನವನ್ನು ವಿನಾಶಕ್ಕೆ ಬಳಸುವ ಡಾಕ್ಟರ್ ಜೈಕಾಲ್ ಪಾತ್ರದಲ್ಲಿ ಲಲಿತ್ ಪರಿಮೂ ನಟಿಸಿದರು. ಧಾರಾವಾಹಿಯ ವೈಜ್ಞಾನಿಕ ಕಲ್ಪನೆಯ ಭಾಗ ಬಹುಮಟ್ಟಿಗೆ ಜೈಕಾಲ್‌ನ ಸುತ್ತಲೇ ಹೆಣೆಯಲ್ಪಟ್ಟಿದೆ. ಶಕ್ತಿಯ ಮೂಲ ಯೋಗ, ಅಪಾಯದ ಮೂಲ ಪ್ರಯೋಗಶಾಲೆ ಎಂಬ ಈ ಹಂಚಿಕೆಯೇ ಅದನ್ನು ಪಾಶ್ಚಾತ್ಯ ಅತಿಮಾನವ ಕಥೆಗಳಿಂದ ಬೇರೆಯಾಗಿಸುತ್ತದೆ. ಅಲ್ಲಿ ಸಾಮಾನ್ಯವಾಗಿ ನಾಯಕನ ಶಕ್ತಿಯೂ ವಿಜ್ಞಾನದ ಅಪಘಾತದಿಂದಲೋ ಅನ್ಯಗ್ರಹದಿಂದಲೋ ಬಂದಿರುತ್ತದೆ.

ಸಂಚಿಕೆಯ ಕೊನೆಯಲ್ಲಿ ಮಕ್ಕಳಿಗಾಗಿ ಒಂದು ಚಿಕ್ಕ ಭಾಗ ಇರುತ್ತಿತ್ತು. ತಪ್ಪು ಮಾಡಿದ ಮಗು ಶಕ್ತಿಮಾನ್‌ನ ಬಳಿ ಕ್ಷಮೆ ಕೇಳುವುದು, ಸ್ವಚ್ಛತೆ, ಸತ್ಯ, ಹಿರಿಯರ ಗೌರವ ಮುಂತಾದ ವಿಷಯಗಳ ಬಗ್ಗೆ ಅವನು ಬುದ್ಧಿ ಹೇಳುವುದು ಅದರ ಸ್ವರೂಪ. ಪುನರಾರಂಭದ ಚರ್ಚೆಯಲ್ಲಿ ಈ ಭಾಗಕ್ಕೆ ಕಥೆಗಿಂತಲೂ ಹೆಚ್ಚಿನ ತೂಕ ಬಂದಿದೆ.

ಪ್ರಸಾರ ಮತ್ತು ಪ್ರೇಕ್ಷಕರು

1990ರ ದಶಕದ ಉತ್ತರಾರ್ಧದಲ್ಲಿ ಕೇಬಲ್ ಸಂಪರ್ಕ ನಗರಗಳಲ್ಲಿ ಹರಡುತ್ತಿದ್ದರೂ ಗ್ರಾಮೀಣ ಭಾಗದ ಬಹುತೇಕ ಮನೆಗಳಿಗೆ ದೂರದರ್ಶನವೇ ದೊರೆಯುತ್ತಿದ್ದ ವಾಹಿನಿ. ಆರಂಭದಲ್ಲಿ ಶನಿವಾರ ಪ್ರಸಾರವಾಗುತ್ತಿದ್ದ ಶಕ್ತಿಮಾನ್ ಅನಂತರ ಭಾನುವಾರ ಮಧ್ಯಾಹ್ನಕ್ಕೆ ಬಂದು, ಮಕ್ಕಳ ವಾರದ ದಿನಚರಿಯ ಭಾಗವಾಯಿತು. ಪಾರ್ಲೆ-ಜಿ ಬಿಸ್ಕತ್ತಿನ ಪ್ರಾಯೋಜಕತ್ವವೂ ಆ ನೆನಪಿನೊಂದಿಗೆ ಸೇರಿಕೊಂಡಿದೆ.

ಕರ್ನಾಟಕದಲ್ಲಿ ಈ ಧಾರಾವಾಹಿ ಹಿಂದಿಯಲ್ಲಿಯೇ ನೋಡಸಿಕ್ಕಿತು. ಹಿಂದಿ ಬಾರದ ಮಕ್ಕಳು ದೃಶ್ಯದಿಂದಲೂ ಹಾವಭಾವದಿಂದಲೂ ಕಥೆಯನ್ನು ಊಹಿಸಿಕೊಳ್ಳಬೇಕಾಗಿತ್ತು. ಬೆಳಗಾವಿ ನಗರ ಮತ್ತು ಖಾನಾಪುರ ತಾಲೂಕಿನ ಸ್ಥಿತಿ ಇದಕ್ಕಿಂತ ತುಸು ಭಿನ್ನ. ಕನ್ನಡ, ಮರಾಠಿ, ಕೊಂಕಣಿ, ಉರ್ದು ನಿತ್ಯ ಬಳಕೆಯಲ್ಲಿರುವ ಈ ಗಡಿ ಪ್ರದೇಶದಲ್ಲಿ ದೇವನಾಗರಿ ಲಿಪಿಯೂ ಹಿಂದಿಗೆ ಹತ್ತಿರದ ಪದಗಳೂ ಅಪರಿಚಿತವಲ್ಲ. ಆದ್ದರಿಂದ ಸಂಭಾಷಣೆಯ ತೊಡಕು ದಕ್ಷಿಣದ ಜಿಲ್ಲೆಗಳಷ್ಟು ಇರಲಿಲ್ಲ ಎನ್ನಬಹುದು. ತೊಡಕಿದ್ದುದು ಸಂಕೇತದ್ದು. ಖಾನಾಪುರ ತಾಲೂಕಿನ ಪಶ್ಚಿಮ ಭಾಗ ಸಹ್ಯಾದ್ರಿಯ ದಟ್ಟ ಕಾಡು ಮತ್ತು ಕಣಿವೆಗಳಿಂದ ಕೂಡಿದ್ದು, ಮಲಪ್ರಭಾ ನದಿ ಹುಟ್ಟುವ ಕಣಕುಂಬಿ ಇಲ್ಲಿಯೇ ಇದೆ. ಭೂತಲ ಪ್ರಸಾರದ ಅಲೆಗಳು ಹೆಚ್ಚುಕಡಿಮೆ ನೇರ ರೇಖೆಯಲ್ಲಿ ಸಾಗುವುದರಿಂದ ಗುಡ್ಡದ ಮರೆಯಲ್ಲಿರುವ ಊರುಗಳಲ್ಲಿ ಚಿತ್ರ ಮಸುಕಾಗುತ್ತದೆ, ಪರದೆಯ ಮೇಲೆ ಚುಕ್ಕೆಗಳು ತುಂಬಿಕೊಳ್ಳುತ್ತವೆ. ಮಾಳಿಗೆಯ ಮೇಲೊಬ್ಬರು ಆಂಟೆನಾ ತಿರುಗಿಸುವುದು, ಒಳಗಿನವರು ‘ಬಂತು’, ‘ಹೋಯ್ತು’ ಎಂದು ಕೂಗುವುದು ಆ ಕಾಲದ ಟಿವಿ ವೀಕ್ಷಣೆಯ ಅವಿಭಾಜ್ಯ ಅಂಗ. ಆ ಅನಲಾಗ್ ಭೂತಲ ಪ್ರಸಾರವನ್ನು ದೂರದರ್ಶನ ಈಗ ಹಂತ ಹಂತವಾಗಿ ನಿಲ್ಲಿಸಿದೆ.

ಜನಪ್ರಿಯತೆಯ ಜೊತೆಗೇ ಆಕ್ಷೇಪವೂ ಬಂದಿತು. ಶಕ್ತಿಮಾನ್ ಬಂದು ಕಾಪಾಡುತ್ತಾನೆಂದು ನಂಬಿ ಮಕ್ಕಳು ಅಪಾಯಕಾರಿ ಸಾಹಸಗಳಿಗೆ ಇಳಿದರೆಂಬ ವರದಿಗಳು ಪತ್ರಿಕೆಗಳಲ್ಲಿ ಪ್ರಕಟವಾದವು. ಇಂಥ ಸಾಹಸಗಳನ್ನು ಅನುಕರಿಸಬಾರದೆಂದು ಮುಕೇಶ್ ಖನ್ನಾ ಪರದೆಯ ಮೇಲೆಯೇ ಮಕ್ಕಳಿಗೆ ಎಚ್ಚರಿಕೆ ನೀಡತೊಡಗಿದರು. ಒಂದು ಕಾಲ್ಪನಿಕ ಪಾತ್ರವನ್ನು ಮಕ್ಕಳು ಎಷ್ಟು ನಿಜವೆಂದು ನಂಬಿದ್ದರು ಎಂಬುದಕ್ಕೆ ಈ ಪ್ರಸಂಗ ಸಾಕ್ಷಿ.

ಧಾರಾವಾಹಿ ನಿಲ್ಲಲು ಭಾನುವಾರದ ಪ್ರಸಾರಕ್ಕೆ ದೂರದರ್ಶನಕ್ಕೆ ತೆರಬೇಕಾಗಿದ್ದ ಶುಲ್ಕ ಏರುತ್ತಲೇ ಹೋದದ್ದು ಕಾರಣವೆಂದು ಖನ್ನಾ ಅನಂತರದ ಸಂದರ್ಶನಗಳಲ್ಲಿ ತಿಳಿಸಿದ್ದಾರೆ. ಕಥೆ ತನ್ನಷ್ಟಕ್ಕೆ ಮುಗಿಯಲಿಲ್ಲ, ನಿಂತಿತು. ಅದು ಮರಳಿ ಬರಬೇಕೆಂಬ ಬೇಡಿಕೆ ಜೀವಂತವಾಗಿ ಉಳಿಯಲು ಇದೂ ಒಂದು ಕಾರಣವಾಗಿರಬೇಕು.

ಮರಳಿ ತರುವ ಪ್ರಯತ್ನಗಳು

2011ರಲ್ಲಿ ಸೋನಿಕ್ ವಾಹಿನಿಯಲ್ಲಿ ಅನಿಮೇಷನ್ ರೂಪದ ಸರಣಿ ಬಂದಿತು. 2013ರಲ್ಲಿ ಪೋಗೋ ವಾಹಿನಿ ‘ಹಮಾರಾ ಹೀರೋ ಶಕ್ತಿಮಾನ್’ ಎಂಬ ಟೆಲಿಚಿತ್ರವನ್ನು ಪ್ರಸಾರ ಮಾಡಿತು. ಅದರಲ್ಲಿ ಖನ್ನಾ ಅವರೇ ನಟಿಸಿದ್ದರು. ಇವೆರಡೂ ಹೊಸ ಪೀಳಿಗೆಯ ಮಕ್ಕಳಿಗಾಗಿ ಮಾಡಿದವು. ಹಳೆಯ ಅಭಿಮಾನಿಗಳಲ್ಲಿ ದೊಡ್ಡ ಸದ್ದು ಮಾಡಲಿಲ್ಲ.

2020ರ ಲಾಕ್‌ಡೌನ್ ಸ್ಥಿತಿಯನ್ನು ಬದಲಿಸಿತು. ರಾಮಾಯಣ, ಮಹಾಭಾರತ ಧಾರಾವಾಹಿಗಳೊಂದಿಗೆ ದೂರದರ್ಶನವು ಏಪ್ರಿಲ್ ತಿಂಗಳಲ್ಲಿ ಶಕ್ತಿಮಾನ್‌ನ ಹಳೆಯ ಸಂಚಿಕೆಗಳನ್ನೂ ಮರುಪ್ರಸಾರ ಮಾಡಿತು. ಆ ಮಹಾಭಾರತದಲ್ಲಿ ಭೀಷ್ಮನಾಗಿದ್ದವರೂ ಖನ್ನಾ ಅವರೇ. ಅವರ ನಿರ್ಮಾಣ ಸಂಸ್ಥೆಯ ಹೆಸರು ಭೀಷ್ಮ್ ಇಂಟರ್‌ನ್ಯಾಷನಲ್. ಬಾಲ್ಯದಲ್ಲಿ ಇದನ್ನು ನೋಡಿದ್ದವರು ಈಗ ತಮ್ಮ ಮಕ್ಕಳ ಪಕ್ಕದಲ್ಲಿ ಕುಳಿತು ನೋಡಿದರು. ತಂತ್ರಜ್ಞಾನದ ದೃಷ್ಟಿಯಿಂದ ಆ ದೃಶ್ಯಗಳು ಎಷ್ಟು ಹಿಂದೆ ಉಳಿದಿವೆ ಎಂಬುದೂ ಆಗಲೇ ಎದ್ದು ಕಂಡಿತು.

2022ರ ಫೆಬ್ರವರಿಯಲ್ಲಿ ಸೋನಿ ಪಿಕ್ಚರ್ಸ್ ಸಂಸ್ಥೆಯು ಭೀಷ್ಮ್ ಇಂಟರ್‌ನ್ಯಾಷನಲ್ ಮತ್ತು ಬ್ರೂಯಿಂಗ್ ಥಾಟ್ಸ್ ಸಂಸ್ಥೆಗಳ ಜೊತೆಗೂಡಿ ಶಕ್ತಿಮಾನ್ ಚಿತ್ರಸರಣಿಯನ್ನು ನಿರ್ಮಿಸುವುದಾಗಿ ಪ್ರಕಟಿಸಿತು. ಜೊತೆಗೆ ಬಿಡುಗಡೆಯಾದ ಕಿರು ದೃಶ್ಯದಲ್ಲಿ ನಾಯಕನ ಮುಖವಿರಲಿಲ್ಲ. ಆ ಖಾಲಿ ಜಾಗವನ್ನು ತುಂಬಲು ಊಹೆಗಳು ಶುರುವಾದವು. ರಣವೀರ್ ಸಿಂಗ್ ನಾಯಕರಾಗುತ್ತಾರೆಂದೂ ಮಲಯಾಳಂನ ‘ಮಿನ್ನಲ್ ಮುರಳಿ’ ಚಿತ್ರದ ಬಾಸಿಲ್ ಜೋಸೆಫ್ ನಿರ್ದೇಶಿಸುತ್ತಾರೆಂದೂ ವರದಿಗಳು ಬಂದವು.

ಚರ್ಚೆಯ ಸ್ವರೂಪ

2024ರ ಮಾರ್ಚ್‌ನಲ್ಲಿ ಖನ್ನಾ ರಣವೀರ್ ಸಿಂಗ್ ಅವರ ಆಯ್ಕೆಗೆ ಬಹಿರಂಗವಾಗಿ ಆಕ್ಷೇಪ ವ್ಯಕ್ತಪಡಿಸಿದರು. ಶಕ್ತಿಮಾನ್ ಬರಿಯ ಅತಿಮಾನವನಲ್ಲ, ಮಕ್ಕಳಿಗೆ ಗುರುವಿನ ಸ್ಥಾನದಲ್ಲಿರುವವನು. ಆದ್ದರಿಂದ ನಟನ ಸಾರ್ವಜನಿಕ ವ್ಯಕ್ತಿತ್ವವೂ ಪಾತ್ರಕ್ಕೆ ಒಪ್ಪಬೇಕು ಎಂಬುದು ಅವರ ವಾದದ ತಿರುಳು. ಅಭಿಮಾನಿಗಳು ಇಬ್ಭಾಗವಾದರು. ಸಂಚಿಕೆಯ ಕೊನೆಯ ಬುದ್ಧಿಮಾತನ್ನೇ ಧಾರಾವಾಹಿಯ ಪ್ರಾಣವೆಂದು ಬಗೆದವರಿಗೆ ಈ ಮಾತು ಸರಿಯೆನಿಸಿತು. ನಟನೆ ಎಂದರೆ ತಾನಲ್ಲದವನಾಗುವುದೇ ಅಲ್ಲವೇ, ಪಾತ್ರಕ್ಕೆ ಬೇಕಾದುದು ಸಾಮರ್ಥ್ಯ ಮಾತ್ರ ಎಂದವರೂ ಇದ್ದರು.

ಎರಡನೆಯ ವಾದಕ್ಕೆ ಧಾರಾವಾಹಿಯ ಒಳಗೇ ಆಧಾರವಿದೆ. ಗೀತಾ ವಿಶ್ವಾಸ್ ಪಾತ್ರವನ್ನು ಮೊದಲು ಕಿಟು ಗಿದ್ವಾನಿ ವಹಿಸಿದ್ದರು, ಅನಂತರ ವೈಷ್ಣವಿ ಮಹಂತ್ ಬಂದರು. ಪ್ರೇಕ್ಷಕರು ಬದಲಾವಣೆಯನ್ನು ಒಪ್ಪಿಕೊಂಡರು, ಇಂದು ಹೆಚ್ಚಿನವರ ನೆನಪಿನಲ್ಲಿರುವ ಗೀತಾ ಎರಡನೆಯವರೇ. ಆದರೆ ಶಕ್ತಿಮಾನ್ ಪಾತ್ರದ ವಿಷಯ ಅಷ್ಟು ಸರಳವಲ್ಲ. ಎಂಟು ವರ್ಷ ಒಬ್ಬರೇ ನಟ, ಅವರೇ ನಿರ್ಮಾಪಕ, ಕಥೆಯ ಹೊರಗೆ ಮಕ್ಕಳಿಗೆ ಬುದ್ಧಿ ಹೇಳಿದ ದನಿಯೂ ಅವರದೇ. ಇಲ್ಲಿ ನಟನನ್ನೂ ಪಾತ್ರವನ್ನೂ ಬೇರ್ಪಡಿಸುವುದು ಕಷ್ಟ.

ಅದೇ ವರ್ಷದ ನವೆಂಬರ್‌ನಲ್ಲಿ ಖನ್ನಾ ಸ್ವತಃ ಆ ಉಡುಪು ಧರಿಸಿ ಕಾಣಿಸಿಕೊಂಡ ಕಿರು ದೃಶ್ಯವೊಂದು ಪ್ರಕಟವಾಯಿತು. ಆಗ ಅವರಿಗೆ 66 ವರ್ಷ. ವರ್ಷಗಟ್ಟಲೆ ಕಾದವರಲ್ಲಿ ಹಲವರು ಸಂಭ್ರಮಿಸಿದರೆ, ಈ ವಯಸ್ಸಿನಲ್ಲಿ ಅದೇ ವೇಷ ಏಕೆ, ಹೊಸಬರಿಗೆ ಬಿಟ್ಟುಕೊಡಬಾರದೇ ಎಂಬ ಟೀಕೆಯೂ ಜೋರಾಗಿ ಬಂದಿತು. ತಾನು ಮುಂದಿನ ಶಕ್ತಿಮಾನ್ ಆಗಲು ಬಂದಿಲ್ಲ, ಹಳೆಯ ಶಕ್ತಿಮಾನ್ ಆಗಿ ಈ ಪೀಳಿಗೆಗೆ ಸಂದೇಶ ಕೊಡಲು ಬಂದಿದ್ದೇನೆ ಎಂದು ಖನ್ನಾ ಸ್ಪಷ್ಟನೆ ನೀಡಿದರು. 2025ರಲ್ಲಿ ಪಾಕೆಟ್ ಎಫ್‌ಎಂ ಮೂಲಕ ಧ್ವನಿ ಸರಣಿಯೊಂದು ಹೊರಬಂದಿತು. ಧ್ವನಿಯಲ್ಲಿ ವಯಸ್ಸಿನ ಪ್ರಶ್ನೆ ಏಳುವುದಿಲ್ಲವೆಂಬ ಅನುಕೂಲ ಅದಕ್ಕಿತ್ತು.

ಹೋಲಿಕೆಗಳು

ಮೂಲ ನಟನೇ ಹೊಸ ಆವೃತ್ತಿಯನ್ನು ವಿರೋಧಿಸಿದ್ದು ಇದೇ ಮೊದಲಲ್ಲ. 1978ರ ಅಮೆರಿಕನ್ ವೈಜ್ಞಾನಿಕ ಧಾರಾವಾಹಿ ‘ಬ್ಯಾಟಲ್‌ಸ್ಟಾರ್ ಗ್ಯಾಲಕ್ಟಿಕಾ’ದಲ್ಲಿ ಸ್ಟಾರ್‌ಬಕ್ ಎಂಬ ಪೈಲಟ್‌ನ ಪಾತ್ರ ವಹಿಸಿದ್ದ ಡರ್ಕ್ ಬೆನೆಡಿಕ್ಟ್, 2003ರ ಹೊಸ ಆವೃತ್ತಿಯಲ್ಲಿ ಆ ಪಾತ್ರ ಮಹಿಳೆಯಾದದ್ದನ್ನು ಖಂಡಿಸಿ ಲೇಖನವನ್ನೇ ಬರೆದರು. ಅದೇ ಧಾರಾವಾಹಿಯ ಇನ್ನೊಬ್ಬ ನಟ ರಿಚರ್ಡ್ ಹ್ಯಾಚ್ ಮೂಲ ಕಥೆಯೇ ಮುಂದುವರಿಯಬೇಕೆಂದು ವರ್ಷಗಳ ಕಾಲ ಹೋರಾಡಿ, ಕೊನೆಗೆ ಹೊಸ ಆವೃತ್ತಿಯಲ್ಲಿಯೇ ಬೇರೊಂದು ಪಾತ್ರ ವಹಿಸಿದರು. ಬ್ರಿಟನ್ನಿನ ‘ಡಾಕ್ಟರ್ ಹೂ’ 1963ರಿಂದ 1989ರವರೆಗೆ ನಡೆದು, 2005ರಲ್ಲಿ ಮರಳಿ ಬಂದಿತು. ನಾಯಕ ಸಾವಿನಂಚಿನಲ್ಲಿ ಹೊಸ ದೇಹ ಪಡೆಯುತ್ತಾನೆ ಎಂಬುದು ಅಲ್ಲಿ ಕಥೆಯ ನಿಯಮವೇ ಆಗಿರುವುದರಿಂದ ನಟರ ಬದಲಾವಣೆಗೆ ದಾರಿ ಸುಲಭವಾಯಿತು. ಹಾಗಿದ್ದೂ 2017ರಲ್ಲಿ ಆ ಪಾತ್ರಕ್ಕೆ ಜೋಡಿ ವಿಟ್ಟೇಕರ್ ಎಂಬ ನಟಿಯ ಹೆಸರು ಪ್ರಕಟವಾದಾಗ ತೀವ್ರ ಚರ್ಚೆ ನಡೆಯಿತು. ಶಕ್ತಿಮಾನ್ ಕಥೆಯಲ್ಲಿ ಅಂಥ ನಿಯಮವಿಲ್ಲ. ಆದರೂ ಋಷಿಗಳು ಆರಿಸಿದ ಮನುಷ್ಯ ಎಂಬ ಮೂಲ ಕಲ್ಪನೆಯಲ್ಲಿ ಇನ್ನೊಬ್ಬನನ್ನು ಆರಿಸುವ ಅವಕಾಶ ಅಡಗಿದೆ.

ದೂರದರ್ಶನದ ಇತರ ವೈಜ್ಞಾನಿಕ ಧಾರಾವಾಹಿಗಳಾದ ‘ಸ್ಪೇಸ್ ಸಿಟಿ ಸಿಗ್ಮಾ’, ‘ಇಂದ್ರಧನುಷ್’ ಮತ್ತು 1998ರ ‘ಕ್ಯಾಪ್ಟನ್ ವ್ಯೋಮ್’ ಬಗ್ಗೆ ಈ ಪ್ರಮಾಣದ ಚರ್ಚೆ ನಡೆದಿಲ್ಲ.

ಕನ್ನಡಿಗರಿಗೆ ಹತ್ತಿರದ ಹೋಲಿಕೆ ವೈಜ್ಞಾನಿಕ ಕಥೆಯದ್ದಲ್ಲ, ‘ಮಾಲ್ಗುಡಿ ಡೇಸ್’ನದು. ಆಗುಂಬೆಯಲ್ಲಿ ಚಿತ್ರೀಕರಿಸಿದ ಆ ಧಾರಾವಾಹಿಯನ್ನು 1980ರ ದಶಕದಲ್ಲಿ ಶಂಕರ್ ನಾಗ್ ನಿರ್ದೇಶಿಸಿದ್ದರು. 1990ರಲ್ಲಿ ಅವರು ನಿಧನರಾದರು. 2006ರಲ್ಲಿ ಕವಿತಾ ಲಂಕೇಶ್ ನಿರ್ದೇಶನದಲ್ಲಿ ಹೊಸ ಸಂಚಿಕೆಗಳು ದೂರದರ್ಶನದಲ್ಲಿ ಬಂದವು. ಮೂಲ ಸೃಷ್ಟಿಕರ್ತರು ಇಲ್ಲದಿದ್ದಾಗ ಹೊಸ ಕೈಗೆ ಜವಾಬ್ದಾರಿ ಹೋಗುವುದು ಅನಿವಾರ್ಯ. ಶಕ್ತಿಮಾನ್ ವಿಷಯದಲ್ಲಿ ಮೂಲ ನಟ ಇದ್ದಾರೆ, ಹಕ್ಕಿನಲ್ಲಿ ಪಾಲುದಾರರಾಗಿದ್ದಾರೆ, ಅಭಿಪ್ರಾಯವನ್ನೂ ಹೇಳುತ್ತಿದ್ದಾರೆ.

ಭಾಷೆಯ ಪ್ರಶ್ನೆ

ಕರ್ನಾಟಕದ ಮಟ್ಟಿಗೆ ಪುನರಾರಂಭಕ್ಕೆ ಇನ್ನೊಂದು ಮುಖವಿದೆ. ಮೂಲ ಧಾರಾವಾಹಿಯ ಕಾಲದಲ್ಲಿ ಪರಭಾಷೆಯ ಕಾರ್ಯಕ್ರಮಗಳನ್ನು ಕನ್ನಡಕ್ಕೆ ಡಬ್ ಮಾಡುವುದಕ್ಕೆ ಚಿತ್ರರಂಗ ಮತ್ತು ಕಿರುತೆರೆಯ ಸಂಘಟನೆಗಳ ಅಘೋಷಿತ ನಿರ್ಬಂಧವಿತ್ತು. ಸ್ಥಳೀಯ ಕಲಾವಿದರು ಮತ್ತು ತಂತ್ರಜ್ಞರ ಉದ್ಯೋಗ ರಕ್ಷಣೆ ಅದರ ಉದ್ದೇಶ. ಮಕ್ಕಳ ಕಾರ್ಯಕ್ರಮಗಳು ತಾಯ್ನುಡಿಯಲ್ಲಿ ಸಿಗದಂತಾದದ್ದು ಅದರ ಪರಿಣಾಮ. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಈ ನಿರ್ಬಂಧವನ್ನು ಸ್ಪರ್ಧೆಗೆ ವಿರುದ್ಧವೆಂದು ತೀರ್ಮಾನಿಸಿ ಸಂಬಂಧಪಟ್ಟ ಸಂಘಟನೆಗಳಿಗೆ ದಂಡ ವಿಧಿಸಿತು. 2020ರಲ್ಲಿ ಸ್ಟಾರ್ ಸುವರ್ಣ ವಾಹಿನಿಯಲ್ಲಿ ಮಹಾಭಾರತ, ಜೀ ಕನ್ನಡದಲ್ಲಿ ಅಂಬೇಡ್ಕರ್ ಜೀವನವನ್ನು ಆಧರಿಸಿದ ‘ಮಹಾನಾಯಕ’ ಕನ್ನಡ ಧ್ವನಿಯೊಂದಿಗೆ ಪ್ರಸಾರವಾದವು. 2021ರ ‘ಮಿನ್ನಲ್ ಮುರಳಿ’ಯೂ ಕನ್ನಡದಲ್ಲಿ ದೊರೆಯಿತು.

ಹೀಗಾಗಿ ಹೊಸ ಶಕ್ತಿಮಾನ್ ಬಂದರೆ ಅದನ್ನು ಕನ್ನಡದಲ್ಲಿ ಕೇಳುವ ಸಾಧ್ಯತೆ ಈಗ ಮುಕ್ತವಾಗಿದೆ. ಮಕ್ಕಳಿಗೆ ಬುದ್ಧಿ ಹೇಳುವುದೇ ಪಾತ್ರದ ಮುಖ್ಯ ಕೆಲಸವೆಂದು ಒಪ್ಪುವುದಾದರೆ, ಆ ಮಾತು ಮಗುವಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಉಡುಪು ಯಾರದೆಂಬ ಜಗಳದಲ್ಲಿ ಈ ಅಂಶ ಹೆಚ್ಚು ಕೇಳಿಬಂದಿಲ್ಲ.