‘ಕೊನೇ ಸಲ ಸರಿಯಾಗಿದ್ದದ್ದು ಎಷ್ಟು ಗಂಟೆಗೆ?’: ಸ್ಟ್ರೋಕ್ ಬಂದಾಗ ಡಾಕ್ಟರ್ ಕೇಳೋ ಮೊದಲ ಪ್ರಶ್ನೆಯ ಹಿಂದಿನ ಕಥೆ



ಇವತ್ತು ನಮ್ಮ ದೊಡ್ಡಪ್ಪನಿಂದ ಶುರು ಮಾಡ್ತೀನಿ. ಮೂರು ವರ್ಷದ ಹಿಂದೆ ಒಂದು ಬೆಳಿಗ್ಗೆ ಅವರ ಕೈಯಿಂದ ಕಾಫಿ ಲೋಟ ಜಾರಿ ಬಿತ್ತು. ಮಾತು ಸ್ವಲ್ಪ ತೊದಲಿತು. ಮನೆಯವರೆಲ್ಲ ಸೇರಿ ‘ಪಿತ್ತ ಜಾಸ್ತಿಯಾಗಿದೆ’ ಅಂತ ತೀರ್ಮಾನ ಮಾಡಿ, ನಿಂಬೆ ಶರಬತ್ತು ಕುಡಿಸಿ ಮಲಗಿಸಿದ್ವಿ. ಹೌದು, ಆ ಮನೆಯವರಲ್ಲಿ ನಾನೂ ಒಬ್ಬ. ಮಧ್ಯಾಹ್ನ ಎದ್ದಾಗ ಅವರ ಬಲಗೈ, ಬಲಗಾಲು ಎರಡೂ ಎತ್ತೋಕಾಗಲಿಲ್ಲ.

ಎಮರ್ಜೆನ್ಸಿಯಲ್ಲಿ ಡಾಕ್ಟರ್ ಮೊದಲು ಕೇಳಿದ್ದು ಬಿಪಿ ಬಗ್ಗೆ ಅಲ್ಲ, ಶುಗರ್ ಬಗ್ಗೆಯೂ ಅಲ್ಲ. ‘ಇವರು ಕೊನೇ ಸಲ ಸರಿಯಾಗಿದ್ದದ್ದು ಎಷ್ಟು ಗಂಟೆಗೆ?’ ಲೋಟ ಬಿದ್ದಿದ್ದು ಏಳೂವರೆಗೆ, ನಾವು ಅಲ್ಲಿ ತಲುಪಿದ್ದು ಎರಡೂವರೆಗೆ. ‘ಇಂಜೆಕ್ಷನ್ ಕೊಡೋ ಸಮಯ ದಾಟಿಹೋಗಿದೆ’ ಅಂದ್ರು.

ನಾನು ಓದಿದ್ದು ಬಿ.ಕಾಂ. ಈ ‘ಸಮಯ’ವನ್ನ ಯಾರು, ಯಾವ ಲೆಕ್ಕದ ಮೇಲೆ ನಿಗದಿ ಮಾಡಿದ್ರು ಅಂತ ಆಮೇಲೆ ಹುಡುಕ್ತಾ ಹೋದೆ. ಇವತ್ತಿನ ಎಪಿಸೋಡ್ ಅದೇ.

ಮೂರು ಗಂಟೆಯ ಲೆಕ್ಕ

ಸ್ಟ್ರೋಕ್ ಅಂದ್ರೆ ನಾವು ಲಕ್ವ, ಪಾರ್ಶ್ವವಾಯು ಅಂತೀವಲ್ಲ, ಅದೇ. ಮಿದುಳಿನ ರಕ್ತನಾಳ ಮುಚ್ಚಿಕೊಳ್ಳುತ್ತೆ, ಇಲ್ಲಾ ಒಡೆಯುತ್ತೆ. ಮುಚ್ಚಿಕೊಳ್ಳೋದೇ ಹೆಚ್ಚು. ದೊಡ್ಡ ರಕ್ತನಾಳ ಮುಚ್ಚಿದ್ರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಅಂತ 2006ರಲ್ಲಿ ಅಮೆರಿಕದ ನರರೋಗ ತಜ್ಞ ಜೆಫ್ರಿ ಸೇವರ್ ಅಂದಾಜು ಮಾಡಿದ್ರು.

ಹೆಪ್ಪುಗಟ್ಟಿದ ರಕ್ತವನ್ನ ಕರಗಿಸೋ ಔಷಧ ಇದೆ. ಆದ್ರೆ ಅದೇ ಔಷಧ ಮಿದುಳಿನಲ್ಲಿ ರಕ್ತಸ್ರಾವನೂ ಮಾಡಬಹುದು. ಹಾಗಾದ್ರೆ ಕೊಡೋದಾ, ಬೇಡ್ವಾ? ಅಮೆರಿಕದಲ್ಲಿ 624 ರೋಗಿಗಳ ಮೇಲೆ ನಡೆದ ಪ್ರಯೋಗದ ಫಲಿತಾಂಶ 1995ರಲ್ಲಿ ಬಂತು. ಎಲ್ಲರಿಗೂ ಮೂರು ಗಂಟೆಯೊಳಗೆ ಡ್ರಿಪ್ ಹಾಕಿದ್ರು. ಅರ್ಧ ಜನಕ್ಕೆ ನಿಜವಾದ ಔಷಧ, ಉಳಿದವರಿಗೆ ನೋಡೋಕೆ ಹಾಗೇ ಇರೋ, ಔಷಧವಿಲ್ಲದ ದ್ರವ. ಯಾರಿಗೆ ಯಾವುದು ಅನ್ನೋದು ಲಾಟರಿ. ರೋಗಿಗೂ ಗೊತ್ತಿಲ್ಲ, ಡಾಕ್ಟರ್‌ಗೂ ಗೊತ್ತಿಲ್ಲ.

ಕ್ರೂರ ಅನ್ಸುತ್ತೆ ಅಲ್ವಾ? ಆದ್ರೆ ಸ್ಟ್ರೋಕ್ ಆದ ಕೆಲವರು ಔಷಧ ಇಲ್ಲದೆಯೂ ಚೇತರಿಸಿಕೊಳ್ತಾರೆ. ಎಲ್ಲರಿಗೂ ಕೊಟ್ಟುಬಿಟ್ರೆ, ವಾಸಿ ಮಾಡಿದ್ದು ಔಷಧವೋ ದೇಹವೋ ಅಂತ ಹೇಳೋದು ಹೇಗೆ?

ಮೂರು ತಿಂಗಳಾದ ಮೇಲೆ ಬ್ಯಾಲೆನ್ಸ್ ಶೀಟ್ ತೆಗೆದ್ರು. ಬಹುತೇಕ ಮೊದಲಿನಂತಾದವರು ಔಷಧ ಪಡೆದವರಲ್ಲಿ ನೂರಕ್ಕೆ 39, ಪಡೆಯದವರಲ್ಲಿ 26. ಇದು ಲಾಭದ ಕಡೆ. ನಷ್ಟದ ಕಡೆಯೂ ನೋಡಿ: ಸ್ಥಿತಿ ಬಿಗಡಾಯಿಸುವಂಥ ರಕ್ತಸ್ರಾವ ಔಷಧ ಪಡೆದವರಲ್ಲಿ ಶೇ 6.4, ಉಳಿದವರಲ್ಲಿ ಶೇ 0.6. ಎರಡನ್ನೂ ಮುಚ್ಚಿಡದೆ ಬರೆದಿದ್ರು. 2008ರಲ್ಲಿ ಯುರೋಪಿನ ಇನ್ನೊಂದು ಪ್ರಯೋಗ ಈ ಗಡುವನ್ನ ನಾಲ್ಕೂವರೆ ಗಂಟೆಗೆ ವಿಸ್ತರಿಸಿತು. ನಾವು ತಪ್ಪಿಸಿಕೊಂಡ ‘ಸಮಯ’ ಇದೇ.

ಸೋತಿದ್ದೂ ಪಾಠವೇ

ಇನ್ನೊಂದು ದಾರಿ ಇದೆ. ತೊಡೆಯ ರಕ್ತನಾಳದಿಂದ ಸಣ್ಣ ಕೊಳವೆ ತೂರಿಸಿ, ಮಿದುಳಿನ ತನಕ ಹೋಗಿ, ಹೆಪ್ಪನ್ನೇ ಹಿಡಿದು ಹೊರಗೆಳೆಯೋದು. ಕೇಳಿದ್ರೆ ‘ಗ್ಯಾರಂಟಿ ಕೆಲಸ ಮಾಡುತ್ತೆ’ ಅನ್ಸುತ್ತೆ. ಆದ್ರೆ 2013ರಲ್ಲಿ ಬಂದ ಮೂರು ಪ್ರಯೋಗಗಳಲ್ಲೂ ಹೆಚ್ಚುವರಿ ಲಾಭ ಕಾಣಲಿಲ್ಲ.

ಅಲ್ಲಿಗೇ ಫೈಲ್ ಮುಚ್ಚಬಹುದಿತ್ತು. ಆದ್ರೆ ಸಂಶೋಧಕರು ಎಡವಿದ್ದೆಲ್ಲಿ ಅಂತ ನೋಡಿದ್ರು. ಹಲವರಲ್ಲಿ ದೊಡ್ಡ ರಕ್ತನಾಳ ನಿಜವಾಗ್ಲೂ ಮುಚ್ಚಿದೆಯಾ ಅಂತ ಸ್ಕ್ಯಾನ್‌ನಲ್ಲಿ ಖಚಿತ ಮಾಡಿಕೊಂಡಿರಲಿಲ್ಲ. ಉಪಕರಣ ಹಳೆಯದು. ಶುರು ಮಾಡೋದೂ ತಡವಾಗ್ತಿತ್ತು.

ಆಮೇಲೆ ಬಂತು ನೆದರ್‌ಲ್ಯಾಂಡ್ಸ್‌ನ ‘ಮಿಸ್ಟರ್ ಕ್ಲೀನ್’ ಪ್ರಯೋಗ. 500 ರೋಗಿಗಳು, ಎಲ್ಲರಿಗೂ ಮೊದಲು ಸ್ಕ್ಯಾನ್, ಹೆಪ್ಪು ಎಳೆದವರಲ್ಲಿ ಹೆಚ್ಚಿನವರಿಗೆ ಹೊಸ ಬಲೆಯಂಥ ಉಪಕರಣ, ಆರು ಗಂಟೆಯ ಗಡುವು. ಮೂರು ತಿಂಗಳ ನಂತರ ತಮ್ಮ ಕೆಲಸ ತಾವೇ ಮಾಡಿಕೊಳ್ಳುವಂತಾದವರು ಶೇ 32.6, ಹೆಪ್ಪು ಎಳೆಯದೇ ಇದ್ದವರಲ್ಲಿ ಶೇ 19.1. 2015ರಲ್ಲಿ ಇನ್ನೂ ನಾಲ್ಕು ಪ್ರಯೋಗಗಳು ಅದನ್ನೇ ಹೇಳಿದ್ವು. ಐಡಿಯಾ ಹಳೆಯದೇ, ಸರಿಯಾದ ರೋಗಿಯನ್ನ ಆರಿಸೋದು ಕಲಿತರು ಅಷ್ಟೇ.

‘24 ಗಂಟೆ ಟೈಮ್ ಇದೆಯಂತೆ!’

ಈ ಮಾತು ವಾಟ್ಸಾಪ್‌ನಲ್ಲಿ ಬಂದ್ರೆ ಹುಷಾರು. 2018ರ ‘ಡಾನ್’ ಪ್ರಯೋಗದಲ್ಲಿ 6ರಿಂದ 24 ಗಂಟೆ ಒಳಗೆ ಹೆಪ್ಪು ಎಳೆದವರಲ್ಲಿ ಶೇ 49 ಜನ ಸ್ವತಂತ್ರವಾಗಿ ಬದುಕುವಂತಾದ್ರು, ಎಳೆಯದವರಲ್ಲಿ ಶೇ 13. ನಿಜ. ಆದ್ರೆ ಅವರೆಲ್ಲ ದೊಡ್ಡ ರಕ್ತನಾಳ ಮುಚ್ಚಿದ್ದರೂ ಉಳಿಸಬಹುದಾದ ಮಿದುಳು ಇನ್ನೂ ಇದೆ ಅಂತ ಸ್ಕ್ಯಾನ್ ನೋಡಿ ಆರಿಸಿದವರು. ನಮ್ಮ ದೊಡ್ಡಪ್ಪನಿಗೆ ಮುಚ್ಚಿದ್ದು ಸಣ್ಣ ರಕ್ತನಾಳ, ಕೊಳವೆ ಹೋಗೋ ಜಾಗವೇ ಅಲ್ಲ. ಅವರಿಗಿದ್ದದ್ದು ಆ ನಾಲ್ಕೂವರೆ ಗಂಟೆ ಮಾತ್ರ. ಅದನ್ನ ನಾವು ನಿಂಬೆ ಶರಬತ್ತಿಗೆ ಖರ್ಚು ಮಾಡಿದ್ವಿ.

ನೀವು ಮಾಡಬೇಕಾದ್ದು

ಮುಖ ಒಂದು ಕಡೆ ಸೊಟ್ಟಗಾಗಿದೆಯಾ, ಒಂದು ಕೈ ಜೋಲುತ್ತಿದೆಯಾ, ಮಾತು ತೊದಲುತ್ತಿದೆಯಾ? ಒಂದಿದ್ರೂ ಸಾಕು, 108ಕ್ಕೆ ಕಾಲ್ ಮಾಡಿ. ಸಿಟಿ ಸ್ಕ್ಯಾನ್ ಇರೋ ಆಸ್ಪತ್ರೆಗೇ ಹೋಗಿ. ತಿನ್ನೋಕೆ, ಕುಡಿಯೋಕೆ ಏನೂ ಕೊಡಬೇಡಿ, ನುಂಗೋಕಾಗದೆ ಶ್ವಾಸಕೋಶಕ್ಕೆ ಇಳಿಯಬಹುದು. ಆಸ್ಪಿರಿನ್ ಕೂಡ ನೀವಾಗೇ ಕೊಡಬೇಡಿ. ಮುಚ್ಚಿದ್ದೋ ಒಡೆದಿದ್ದೋ ಅಂತ ಸ್ಕ್ಯಾನ್ ಮಾತ್ರ ಹೇಳಬಲ್ಲದು.

ಆಮೇಲೆ ಫೋನ್ ತೆಗೆದು ಸಮಯ ಬರೆದಿಡಿ. ನಿದ್ದೆಯಿಂದ ಎದ್ದಾಗ ಕಂಡಿದ್ರೆ, ಎದ್ದ ಸಮಯ ಅಲ್ಲ, ಹಿಂದಿನ ರಾತ್ರಿ ಚೆನ್ನಾಗಿದ್ದಾಗ ಕೊನೇ ಸಲ ನೋಡಿದ ಸಮಯ.

ದೊಡ್ಡಪ್ಪ ಈಗ ಕೋಲು ಹಿಡಿದು ನಡೀತಾರೆ, ಕಾಫಿ ಎಡಗೈಯಲ್ಲಿ ಕುಡೀತಾರೆ. ಪ್ರತಿ ಸಲ ಆ ಲೋಟ ನೋಡಿದಾಗ ನನಗೆ ಏಳೂವರೆ ಗಂಟೆ ನೆನಪಾಗುತ್ತೆ. ಈ ಎಪಿಸೋಡನ್ನ ಮನೆಯ ಗ್ರೂಪಿಗೆ ಕಳಿಸಿ. ಮುಂದಿನ ವಾರ ಸಿಗೋಣ.