ಕಡಲ ಮೇಲೆ ಕಣ್ಣು, ದಡದ ಮೇಲೆ ಹೊಣೆ

ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧ ಮುಗಿದೊಡನೆ ಮಂಗಳೂರು, ಮಲ್ಪೆ, ಗಂಗೊಳ್ಳಿ, ಕಾರವಾರದ ಬಂದರುಗಳಲ್ಲಿ ಡೀಸೆಲ್ ಮತ್ತು ಮಂಜುಗಡ್ಡೆ ತುಂಬುವ ಗದ್ದಲ ಶುರುವಾಗುತ್ತದೆ. ಬೋಟು ಕಡಲಿಗಿಳಿದ ಮೇಲೆ ಪ್ರತಿ ಗಂಟೆಗೂ ಖರ್ಚು. ಬಲೆ ಎಲ್ಲಿ ಬಿಡಬೇಕೆಂಬ ತಾಂಡೇಲನ ತೀರ್ಮಾನದ ಮೇಲೆ ಮಾಲೀಕನ ಸಾಲದ ಕಂತೂ ಕಲಾಸಿಗಳ ಪಾಲೂ ನಿಂತಿರುತ್ತವೆ. ನೀರಿನ ಬಣ್ಣ, ಹಕ್ಕಿಗಳ ಹಾರಾಟ, ಗಾಳಿಯ ದಿಕ್ಕು ನೋಡಿ ಮೀನಿನ ಜಾಡು ಹಿಡಿಯುವುದು ಈ ಕಸುಬಿನ ಹಳೆಯ ವಿದ್ಯೆ. ಅದರ ಜೊತೆಗೆ ಈಗ ಬಾನಿನಿಂದ ಬರುವ ಸುಳಿವೂ ಸೇರಿಕೊಂಡಿದೆ.

ಹೈದರಾಬಾದಿನಲ್ಲಿ 1999ರಲ್ಲಿ ಶುರುವಾದ, ಇನ್‌ಕಾಯ್ಸ್ ಎಂದೇ ಪರಿಚಿತವಾದ ಸಾಗರ ಮಾಹಿತಿ ಕೇಂದ್ರವು 'ಸಂಭಾವ್ಯ ಮೀನುಗಾರಿಕಾ ವಲಯ'ದ ಮುನ್ಸೂಚನೆ ಹೊರಡಿಸುತ್ತದೆ. ಕನ್ನಡದಲ್ಲೂ ಬರುವ ಈ ಸೂಚನೆಯಲ್ಲಿ ಅಲಂಕಾರದ ಮಾತಿಲ್ಲ. ಇಂಥ ಬಂದರಿನಿಂದ ಇಂಥ ದಿಕ್ಕಿಗೆ, ಇಷ್ಟು ಕಿಲೋಮೀಟರ್ ದೂರದಲ್ಲಿ, ಇಷ್ಟು ಮೀಟರ್ ಆಳದ ನೀರಿನಲ್ಲಿ, ಇಂಥ ಅಕ್ಷಾಂಶ ರೇಖಾಂಶದಲ್ಲಿ ಮೀನು ಸಿಗುವ ಸಂಭವವಿದೆ ಎಂದಷ್ಟೇ ಅದು ಹೇಳುತ್ತದೆ. ಆದರೆ ಆ ಒಂದು ಸಾಲಿನ ಹಿಂದೆ ದೊಡ್ಡ ವಿಜ್ಞಾನವಿದೆ.

ಕಾಣುವುದು ಮೀನಲ್ಲ, ಮೀನಿನ ಮೇವು

ಏಳುನೂರು ಕಿಲೋಮೀಟರಿಗೂ ಎತ್ತರದಲ್ಲಿ ಸುತ್ತುವ ಉಪಗ್ರಹಕ್ಕೆ ಬಂಗುಡೆಯಾಗಲಿ ಬೂತಾಯಿಯಾಗಲಿ ಕಾಣುವುದಿಲ್ಲ. ಅದು ಗುರುತಿಸುವುದು ನೀರಿನ ಬಣ್ಣವನ್ನು. ಕಡಲ ಮೇಲ್ಪದರದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸಸ್ಯಪ್ಲವಕಗಳು ತೇಲುತ್ತಿರುತ್ತವೆ. ಅವುಗಳಲ್ಲಿರುವ ಪತ್ರಹರಿತ್ತು ಸೂರ್ಯನ ನೀಲಿ ಬೆಳಕನ್ನು ಹೀರಿಕೊಳ್ಳುವುದರಿಂದ ಪ್ಲವಕ ಹೆಚ್ಚಿದಲ್ಲಿ ನೀರು ಹಸಿರಿಗೆ ತಿರುಗುತ್ತದೆ. ಈ ವ್ಯತ್ಯಾಸವನ್ನು ಅಳೆಯಲೆಂದೇ ಇಸ್ರೊ 1999ರ ಮೇ 26ರಂದು ಓಷನ್‌ಸ್ಯಾಟ್-1 ಉಪಗ್ರಹವನ್ನು ಹಾರಿಸಿತು. ಎಂಟು ಬಣ್ಣಪಟ್ಟಿಗಳಲ್ಲಿ ಕಡಲನ್ನು ನೋಡುತ್ತಿದ್ದ ಅದರ ಕ್ಯಾಮೆರಾ ಒಂದೇ ಸಲಕ್ಕೆ 1,420 ಕಿಲೋಮೀಟರ್ ಅಗಲದ ಪ್ರದೇಶವನ್ನು ಸೆರೆಹಿಡಿಯುತ್ತಿತ್ತು. 2009ರಲ್ಲಿ ಓಷನ್‌ಸ್ಯಾಟ್-2 ಬಂತು. 2022ರ ನವೆಂಬರ್ 26ರಂದು ಹಾರಿದ ಇಒಎಸ್-06 ಹದಿಮೂರು ಪಟ್ಟಿಗಳಲ್ಲಿ ನೋಡಬಲ್ಲದು.

ಕಡಲ ಬಣ್ಣ ಅಳೆಯುವುದು ಸುಲಭದ ಕೆಲಸವಲ್ಲ. ಕ್ಯಾಮೆರಾಕ್ಕೆ ತಲುಪುವ ಬೆಳಕಿನ ಬಹುಪಾಲು ಗಾಳಿಯಲ್ಲೇ ಚದುರಿ ಬಂದದ್ದು. ನೀರಿನ ಒಳಗಿಂದ ಹೊರಬಂದ ಬೆಳಕು ಹತ್ತರಲ್ಲಿ ಒಂದು ಪಾಲೂ ಇರುವುದಿಲ್ಲ. ಗಾಳಿಯ ಪಾಲನ್ನು ಲೆಕ್ಕ ಹಾಕಿ ಕಳೆದು, ಉಳಿದ ಚೂರಿನಿಂದ ಪ್ಲವಕದ ಪ್ರಮಾಣ ತಿಳಿಯಬೇಕು. ಇದರ ಜೊತೆಗೆ ಇತರ ಉಪಗ್ರಹಗಳು ಅವಕೆಂಪು ಕಿರಣಗಳಿಂದ ಅಳೆದ ಮೇಲ್ಮೈ ನೀರಿನ ಉಷ್ಣತೆಯನ್ನೂ ಹೊಂದಿಸಿ ನೋಡುತ್ತಾರೆ. ತಣ್ಣೀರು ಮತ್ತು ಬೆಚ್ಚನೆಯ ನೀರು ಸಂಧಿಸುವ ಗಡಿಯಲ್ಲಿ ಪ್ಲವಕವೂ ದಟ್ಟವಾಗಿದ್ದರೆ, ಅದನ್ನು ತಿನ್ನುವ ಸಣ್ಣ ಜೀವಿಗಳೂ ಅವುಗಳ ಬೆನ್ನಿಗೆ ಮೀನುಗಳೂ ಅಲ್ಲಿಗೆ ಬರುವ ಸಂಭವ ಹೆಚ್ಚು.

ಒಂದು ಕೊರತೆ ಮಾತ್ರ ಉಳಿದೇ ಇದೆ. ನಮ್ಮ ಕಡಲು ಅತ್ಯಂತ ಫಲವತ್ತಾಗುವುದು ನೈಋತ್ಯ ಮುಂಗಾರಿನಲ್ಲಿ. ಆಳದ ತಣ್ಣೀರು ಪೋಷಕಾಂಶಗಳನ್ನು ಹೊತ್ತು ಮೇಲೆ ಬರುವುದು ಆಗಲೇ. ಆ ಕಾಲದಲ್ಲೇ ಮೋಡ ಕವಿದು ಬಣ್ಣ ನೋಡುವ ಕ್ಯಾಮೆರಾ ಕುರುಡಾಗುತ್ತದೆ. ರಾಡಾರ್ ಉಪಗ್ರಹಗಳು ಮೋಡವನ್ನು ಭೇದಿಸಿ ನೋಡುತ್ತವೆ. ನೆರೆ ನಿಂತ ನೆಲವನ್ನೂ ನೀರಿನ ಮೇಲೆ ಹರಡಿದ ಎಣ್ಣೆಯನ್ನೂ ಗುರುತಿಸುತ್ತವೆ. ಎಣ್ಣೆ ಸಣ್ಣ ಅಲೆಗಳನ್ನು ಅಡಗಿಸುವುದರಿಂದ ಆ ಜಾಗ ರಾಡಾರ್ ಚಿತ್ರದಲ್ಲಿ ಕಪ್ಪಾಗಿ ಕಾಣುತ್ತದೆ. 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿದ ನಾಸಾ-ಇಸ್ರೊ ಜಂಟಿ ಉಪಗ್ರಹ ನೈಸಾರ್ ಈ ಬಗೆಯದು. ಹನ್ನೆರಡು ದಿನಕ್ಕೊಮ್ಮೆ ಅದು ಅದೇ ಹಾದಿಗೆ ಮರಳುತ್ತದೆ. ಆದರೆ ಪ್ಲವಕದ ಹಸಿರು ರಾಡಾರಿಗೆ ತಿಳಿಯದು. ಅದಕ್ಕಾಗಿ ಸಂಶೋಧನಾ ಹಡಗುಗಳೂ ಕಡಲಲ್ಲಿ ತೇಲುವ ಉಪಕರಣಗಳೂ ಇಂದಿಗೂ ಬೇಕೇ ಬೇಕು.

ಉಳ್ಳಾಲದ ದಡ ಹೇಳುವುದು

ಉಪಗ್ರಹದಿಂದ ನಮಗಾದ ದೊಡ್ಡ ಲಾಭ ಇಂದಿನ ಚಿತ್ರಕ್ಕಿಂತ ನಿನ್ನೆಯ ಚಿತ್ರ. ಅಮೆರಿಕದ ಮೊದಲ ಲ್ಯಾಂಡ್‌ಸ್ಯಾಟ್ 1972ರ ಜುಲೈನಲ್ಲಿ ಹಾರಿತು. ಆ ಸರಣಿಯ ಎಲ್ಲ ಚಿತ್ರಗಳನ್ನು 2008ರಿಂದ ಯಾರು ಬೇಕಾದರೂ ಉಚಿತವಾಗಿ ಪಡೆಯಬಹುದು. ನಿಯಮಿತ ಬಳಕೆಗೆಂದು ರೂಪಿಸಿದ ಭಾರತದ ಮೊದಲ ದೂರಸಂವೇದಿ ಉಪಗ್ರಹ ಐಆರ್‌ಎಸ್-1ಎ ಬೈಕನೂರಿನಿಂದ ಹಾರಿದ್ದು 1988ರ ಮಾರ್ಚ್ 17ರಂದು. ಆಗ ಇಸ್ರೊ ಅಧ್ಯಕ್ಷರಾಗಿದ್ದವರು ಉಡುಪಿ ಜಿಲ್ಲೆಯ ಅದಮಾರಿನಲ್ಲಿ ಹುಟ್ಟಿದ ಯು.ಆರ್. ರಾವ್. ಉಪಗ್ರಹ ತಯಾರಾದ ಬೆಂಗಳೂರಿನ ಕೇಂದ್ರಕ್ಕೆ ಇಂದು ಅವರದೇ ಹೆಸರಿದೆ. ಕಡಲತಡಿಯ ಜಿಲ್ಲೆಯಿಂದ ಬಂದವರೊಬ್ಬರ ಮುಂದಾಳ್ತನದಲ್ಲಿ ಮೊದಲಾದ ಈ ಸರಣಿಯ ಫಲವನ್ನು ಕರಾವಳಿ ಪೂರ್ತಿಯಾಗಿ ಉಣ್ಣಬೇಕಿತ್ತು.

ನೇತ್ರಾವತಿ, ಗುರುಪುರ ನದಿಗಳು ಒಟ್ಟಾಗಿ ಕಡಲು ಸೇರುವ ಅಳಿವೆಯನ್ನೇ ನೋಡೋಣ. ದೋಣಿಗಳ ಸುರಕ್ಷಿತ ಓಡಾಟಕ್ಕೆಂದು 1990ರ ದಶಕದಲ್ಲಿ ಅಲ್ಲಿ ಕಲ್ಲಿನ ಅಲೆತಡೆಗಳನ್ನು ಕಟ್ಟಲಾಯಿತು. ಅಲೆಗಳು ದಡದ ಉದ್ದಕ್ಕೂ ಮರಳನ್ನು ಸಾಗಿಸುತ್ತಲೇ ಇರುತ್ತವೆ. ಆ ಹಾದಿಗೆ ಅಡ್ಡ ಕಟ್ಟಿದರೆ ಒಂದು ಮಗ್ಗುಲಲ್ಲಿ ಮರಳು ಕೂಡುತ್ತದೆ, ಇನ್ನೊಂದು ಮಗ್ಗುಲಿಗೆ ಬರಬೇಕಾದ ಮರಳು ತಪ್ಪುತ್ತದೆ. ಕಟ್ಟುವ ಮುಂಚಿನ ಮತ್ತು ನಂತರದ ಚಿತ್ರಗಳನ್ನು ಒಂದರ ಪಕ್ಕ ಒಂದಿಟ್ಟರೆ ಉತ್ತರದ ಬೆಂಗ್ರೆಯಲ್ಲಿ ದಡ ಬೆಳೆದದ್ದೂ ದಕ್ಷಿಣದ ಉಳ್ಳಾಲದಲ್ಲಿ ಕರಗಿದ್ದೂ ಕಾಣುತ್ತವೆ. ಉಳ್ಳಾಲದ ಜನರು ಮಳೆಗಾಲದಲ್ಲಿ ಮನೆ, ತೆಂಗಿನ ಮರ ಕಳೆದುಕೊಂಡದ್ದು ಬರೀ ಕಡಲಿನ ಮುನಿಸಿನಿಂದಲ್ಲ.

ಚೆನ್ನೈನ ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರವು 1990ರಿಂದೀಚಿನ ಉಪಗ್ರಹ ಚಿತ್ರಗಳನ್ನು ಹೋಲಿಸಿ ಇಡೀ ದೇಶದ ದಡದ ಲೆಕ್ಕ ಹಾಕಿದೆ. ಅದರಂತೆ ಭಾರತದ ಮುಖ್ಯಭೂಮಿಯ ಕರಾವಳಿಯಲ್ಲಿ ಸುಮಾರು ಮೂರರಲ್ಲೊಂದು ಭಾಗ ಕೊರೆತಕ್ಕೆ ಸಿಕ್ಕಿದೆ, ಕರ್ನಾಟಕದಲ್ಲಿ ಹೆಚ್ಚುಕಡಿಮೆ ಕಾಲು ಭಾಗ. ಎಲ್ಲಿ ಕೊರೆಯುತ್ತಿದೆ, ಎಲ್ಲಿ ಮರಳು ಕೂಡುತ್ತಿದೆ ಎಂಬುದು ಹೀಗೆ ಗೊತ್ತಿರುವಾಗಲೂ ಕಡಲ್ಕೊರೆತ ಬಂದಾಗ ನಾವು ಮಾಡುವುದು ಲಾರಿಗಟ್ಟಲೆ ಬಂಡೆಕಲ್ಲು ಸುರಿಯುವ ಕೆಲಸ. ಒಂದೂರಿಗೆ ಹಾಕಿದ ಕಲ್ಲು ಪಕ್ಕದೂರಿನ ಮರಳಿಗೆ ಏನು ಮಾಡುತ್ತದೆಂದು ಕೇಳುವವರು ಕಡಿಮೆ.

ಒಂಬತ್ತು ಗುಂಟೆಯ ಚೌಕ

ಚಿತ್ರಗಳನ್ನು ಓದುವುದಕ್ಕೂ ಊರಿನ ತಿಳಿವು ಬೇಕು. ಲ್ಯಾಂಡ್‌ಸ್ಯಾಟ್ ಚಿತ್ರದ ಒಂದು ಚುಕ್ಕಿ ನೆಲದ ಮೇಲೆ 30 ಮೀಟರ್ ಉದ್ದಗಲದ ಚೌಕ. ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ ಒಂಬತ್ತು ಗುಂಟೆ. ಯುರೋಪಿನ ಸೆಂಟಿನೆಲ್-2 ಕೊಡುವ 10 ಮೀಟರಿನ ಚುಕ್ಕಿ ಒಂದು ಗುಂಟೆ. ಇಷ್ಟು ನೆಲದಲ್ಲಿ ಏನೆಲ್ಲ ಇರಬಹುದು ಎಂಬುದಕ್ಕೆ ಉತ್ತರ ಕನ್ನಡದ ಅಘನಾಶಿನಿ ಅಳಿವೆಗೆ ಹೋಗಬೇಕು.

ಅಣೆಕಟ್ಟಿಲ್ಲದೆ ಹರಿದು ಬರುವ ಈ ನದಿಯ ಅಳಿವೆಗೆ 2024ರ ಜನವರಿಯಲ್ಲಿ ಜೌಗುನೆಲಗಳಿಗೆ ಕೊಡುವ ರಾಮ್‌ಸಾರ್ ಮಾನ್ಯತೆ ಸಿಕ್ಕಿತು. ಇಳಿತದ ಹೊತ್ತಿಗೆ ಕೆಸರುಬಯಲು ತೆರೆದುಕೊಂಡಾಗ ಹೆಂಗಸರು, ಗಂಡಸರು ಸೊಂಟದೆತ್ತರದ ನೀರಿಗೂ ಇಳಿದು ಬಳಚು ಎಂಬ ಚಿಪ್ಪುಜೀವಿಯನ್ನು ಹೆಕ್ಕುತ್ತಾರೆ. ಅಂಚಿನ ಗಜನಿ ಗದ್ದೆಗಳಲ್ಲಿ ಉಪ್ಪುನೀರು ತಾಳುವ ಕಗ್ಗ ಭತ್ತ ಬೆಳೆಯುತ್ತದೆ. ಕೆಲವು ಗಜನಿಗಳು ಸಿಗಡಿ ಹೊಂಡಗಳಾಗಿವೆ. ದಂಡೆಗಳಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡು ಹಬ್ಬಿದೆ. ಕಾಂಡ್ಲಾದ ಹಸಿರು ಎಲ್ಲಿ ಹೆಚ್ಚಿತು, ಯಾವ ಗಜನಿ ಯಾವ ವರ್ಷ ಹೊಂಡವಾಯಿತು ಎಂಬುದನ್ನು ಉಪಗ್ರಹ ಚಿತ್ರ ತೋರಿಸಬಲ್ಲದು. ಡೆಹ್ರಾಡೂನಿನ ಭಾರತೀಯ ಅರಣ್ಯ ಸಮೀಕ್ಷೆ ಹೀಗೆಯೇ ಎರಡು ವರ್ಷಕ್ಕೊಮ್ಮೆ ದೇಶದ ಕಾಂಡ್ಲಾ ಕಾಡನ್ನು ಅಳೆಯುತ್ತದೆ. 2021ರ ವರದಿಯಂತೆ ಕರ್ನಾಟಕದ ಪಾಲು ಸುಮಾರು 13 ಚದರ ಕಿಲೋಮೀಟರ್.

ಆದರೆ ಕೆಸರಿನೊಳಗೆ ಬಳಚು ಉಳಿದಿದೆಯೋ ಇಲ್ಲವೋ ಎಂಬುದು ಉಪಗ್ರಹಕ್ಕೆ ಗೊತ್ತಾಗದು. ಇನ್ನೊಂದು ತೊಡಕು ಹೊತ್ತಿನದು. ಇಂಥ ಉಪಗ್ರಹಗಳು ಪ್ರತಿ ಸಲ ಬೆಳಗಿನ ಹತ್ತು, ಹತ್ತೂವರೆಯ ಸುಮಾರಿಗೇ ಹಾದುಹೋಗುತ್ತವೆ. ಭರತ ಇಳಿತಗಳ ಹೊತ್ತು ದಿನದಿನಕ್ಕೂ ಬದಲಾಗುತ್ತದೆ. ಇಳಿತದಲ್ಲಿ ತೆಗೆದ ಚಿತ್ರದ ಪಕ್ಕ ಭರತದ ಚಿತ್ರವಿಟ್ಟರೆ ದಡವೇ ಕೊಚ್ಚಿಹೋದಂತೆ ಕಂಡೀತು. ಆ ಹೊತ್ತಿನಲ್ಲಿ ನೀರು ಎಲ್ಲಿತ್ತು ಎಂಬುದನ್ನು ಸರಿಯಾಗಿ ಹೇಳಬಲ್ಲವರು ಭರತದ ಪಟ್ಟಿ ಓದುವ ವಿಜ್ಞಾನಿ ಮತ್ತು ಅಲ್ಲೇ ಬಾಳುವ ಮೀನುಗಾರ. ಇಬ್ಬರೂ ಒಂದೇ ಚಿತ್ರದ ಮುಂದೆ ಕೂತರೆ ಮಾತ್ರ ಲೆಕ್ಕ ಸರಿಹೋಗುತ್ತದೆ.

ಪಂಚಾಯಿತಿಗೆ ಬರಲಿ ಚಿತ್ರ

ಇಲ್ಲೇ ನಾವು ಎಡವುತ್ತಿದ್ದೇವೆ. ಮೀನಿನ ಮುನ್ಸೂಚನೆ ಕನ್ನಡದಲ್ಲಿ ಬಂದರಿಗೆ ಬರುತ್ತದೆ. ದಡದ ಚಿತ್ರ ಹಾಗೆ ಬರುವುದಿಲ್ಲ. ಅದು ವರದಿಗಳಲ್ಲಿ, ಕಚೇರಿಗಳ ಕಂಪ್ಯೂಟರುಗಳಲ್ಲಿ ಉಳಿದುಬಿಡುತ್ತದೆ. ಕರಾವಳಿ ನಿಯಂತ್ರಣ ವಲಯದ ಮೊದಲ ಅಧಿಸೂಚನೆ ಬಂದದ್ದು 1991ರಲ್ಲಿ. ಮನೆ ಕಟ್ಟಬಹುದೋ ಬಾರದೋ, ರೆಸಾರ್ಟಿಗೆ ಪರವಾನಗಿ ಸಿಗುತ್ತದೋ ಇಲ್ಲವೋ ಎಂಬುದೆಲ್ಲ ಆ ವಲಯದ ನಕ್ಷೆಯ ಗೆರೆಗಳ ಮೇಲೆ ನಿಂತಿದೆ. ಆ ಗೆರೆ ತನ್ನ ಸರ್ವೆ ನಂಬರಿನ ಯಾವ ಮೂಲೆಯಲ್ಲಿ ಹಾದಿದೆ ಎಂದು ತಿಳಿಯಲು ಮೀನುಗಾರರ ಕುಟುಂಬವೊಂದು ಕಚೇರಿಯಿಂದ ಕಚೇರಿಗೆ ಅಲೆಯುವಂತಾಗಬಾರದು.

ಮಾಡಬೇಕಾದ್ದು ಕಷ್ಟದ ಕೆಲಸವೇನಲ್ಲ. ತಡೆಗೋಡೆಗೋ ಅಲೆತಡೆಗೋ ಹಣ ಮಂಜೂರು ಮಾಡುವ ಮುನ್ನ ಆ ಊರಿನ ಮತ್ತು ಎರಡೂ ಮಗ್ಗುಲಿನ ಊರುಗಳ ಮೂವತ್ತು ವರ್ಷಗಳ ದಡದ ಚಿತ್ರವನ್ನು ಗ್ರಾಮಸಭೆಯಲ್ಲಿ ಕನ್ನಡದ ವಿವರಣೆಯೊಂದಿಗೆ ತೋರಿಸಲಿ. ಕಾಂಡ್ಲಾ, ಗಜನಿ, ಕೆಸರುಬಯಲಿನ ನಕ್ಷೆ ವರ್ಷಕ್ಕೊಮ್ಮೆ ಪಂಚಾಯಿತಿಯ ಗೋಡೆಗೆ ಬರಲಿ. ಬಳಚು ಹೆಕ್ಕುವವರೂ ನಾಡದೋಣಿಯವರೂ ಅದರ ತಪ್ಪುಗಳನ್ನು ಗುರುತಿಸಿ ತಿದ್ದಿಸಲಿ. ಚಿತ್ರಗಳು ಉಚಿತವಾಗಿವೆ, ಓದಬಲ್ಲ ವಿದ್ಯಾರ್ಥಿಗಳು ನಮ್ಮ ಕಾಲೇಜುಗಳಲ್ಲಿದ್ದಾರೆ, ಇಸ್ರೊ ಉಪಗ್ರಹಗಳನ್ನು ಹಾರಿಸಿದ್ದು ನಮ್ಮೆಲ್ಲರ ತೆರಿಗೆ ಹಣ. ಮುಂದಿನ ಮಳೆಗಾಲಕ್ಕೆ ಮೊದಲೇ ಕರಾವಳಿಯ ಪ್ರತಿ ಗ್ರಾಮ ಪಂಚಾಯಿತಿಯೂ ತನ್ನ ದಡದ ಚಿತ್ರವನ್ನು ಹಕ್ಕಿನಿಂದ ಕೇಳಿ ಪಡೆಯಬೇಕು.