ಗಡುಸಾದ ಹೃದಯಕವಾಟ ಮತ್ತು ಬಿಡದ ಜ್ವರ

ಚರಕಸಂಹಿತೆಯು ಶಿರಸ್ಸು, ಹೃದಯ, ಬಸ್ತಿ ಎಂಬ ಮೂರನ್ನು ಪ್ರಧಾನ ಮರ್ಮಗಳೆಂದು ಹೇಳುತ್ತದೆ. ಇವುಗಳಲ್ಲಿ ಹೃದಯಕ್ಕೆ ತಗಲುವ ಒಂದು ಘೋರ ವ್ಯಾಧಿಯು ಸಾಮಾನ್ಯ ಜ್ವರದಂತೆ ತೋರಿಬರುತ್ತದೆ.

ಹೃದಯದ ಎಡ ಕೆಳಕೋಣೆಯಿಂದ ರಕ್ತವು ಮಹಾಪಧಮನಿಗೆ ಹರಿಯುವ ದ್ವಾರದಲ್ಲಿ ಮೂರು ತೆಳುದಳಗಳ ಕವಾಟವಿದೆ. ವಯಸ್ಸಾದಂತೆ ಕೆಲವರಲ್ಲಿ ಈ ದಳಗಳ ಮೇಲೆ ಕ್ಯಾಲ್ಸಿಯಂ ಸಂಚಯವಾಗಿ ಅವು ಗಡುಸಾಗುತ್ತವೆ, ದ್ವಾರವು ಕಿರಿದಾಗುತ್ತದೆ. ನಡೆಯುವಾಗ ಏದುಸಿರು, ಎದೆನೋವು, ಕಣ್ಣುಕತ್ತಲೆ ಬಂದು ಬೀಳುವುದು ಇದರ ಲಕ್ಷಣಗಳು. ಹಾಲು, ರಾಗಿಗಳನ್ನು ತ್ಯಜಿಸಿದರೆ ಈ ಸಂಚಯವು ಕರಗದು. ಕರಗಿಸುವ ಕಷಾಯವಾಗಲಿ ಮಾತ್ರೆಯಾಗಲಿ ಇಲ್ಲ. ರೋಗವು ತೀವ್ರವಾದಾಗ ಕವಾಟವನ್ನು ಬದಲಿಸುವುದೇ ಮಾರ್ಗ.

ನಯವಾದ ಕವಾಟದ ಮೇಲೆ ರೋಗಾಣುಗಳು ಸುಲಭವಾಗಿ ನೆಲೆಸಲಾರವು. ಒರಟಾದ ದಳಗಳ ಮೇಲೆ ನೆಲೆಸಬಲ್ಲವು. ರೋಗಗ್ರಸ್ತ ಒಸಡು, ಚರ್ಮದ ಹುಣ್ಣು, ರಕ್ತನಾಳಕ್ಕೆ ಹಾಕಿದ ನಳಿಕೆ ಮುಂತಾದವುಗಳ ಮೂಲಕ ಅವು ರಕ್ತವನ್ನು ಸೇರಿ, ಕವಾಟಕ್ಕೆ ಅಂಟಿ ವೃದ್ಧಿಸುತ್ತವೆ, ದಳಗಳನ್ನೇ ನಾಶಪಡಿಸುತ್ತವೆ. ಅಲ್ಲಿ ಬೆಳೆದ ಗಂಟಿನ ಚೂರೊಂದು ಕಳಚಿ ಮಿದುಳನ್ನು ಸೇರಿದರೆ ಪಾರ್ಶ್ವವಾಯು ಉಂಟಾಗುತ್ತದೆ.

ಹಲವು ವರ್ಷಗಳ ಹಿಂದೆ ಎಪ್ಪತ್ತು ದಾಟಿದ ರೈತರೊಬ್ಬರು ಮೂರು ವಾರಗಳ ಜ್ವರದೊಂದಿಗೆ ನನ್ನಲ್ಲಿಗೆ ಬಂದರು. ಅಂಗಡಿಯಿಂದ ತಂದ ಆಂಟಿಬಯೋಟಿಕ್ ಮಾತ್ರೆಗಳನ್ನು ಎರಡೆರಡು ದಿನ ಸೇವಿಸಿದ್ದರು. ಜ್ವರ ಇಳಿದು ಮತ್ತೆ ಏರುತ್ತಿತ್ತು. ನಾನೂ ಒಂದು ವಾರ ಜ್ವರಹರ ಕಷಾಯವನ್ನೇ ಕೊಟ್ಟೆ. ಎದೆಯನ್ನು ಆಲಿಸಿ, ಕವಾಟದ ಅಸಹಜ ಶಬ್ದವನ್ನು ಗುರುತಿಸಿ ಆಸ್ಪತ್ರೆಗೆ ಕಳುಹಿಸಿದ್ದು ಆಮೇಲೆ. ಅವರು ಬದುಕಿದರು, ಆದರೆ ಬಲಗೈ ಸ್ವಾಧೀನ ತಪ್ಪಿತು. ಆ ಒಂದು ವಾರವನ್ನು ನಾನು ಮರೆತಿಲ್ಲ.

ಆದುದರಿಂದ ಕವಾಟರೋಗವುಳ್ಳವರಲ್ಲಿ ಕಾರಣ ತಿಳಿಯದ ಜ್ವರವು ಕೆಲವು ದಿನ ಮುಂದುವರಿದರೆ, ಚಳಿ, ಬೆವರು, ಅರುಚಿ, ತೂಕದ ಇಳಿಕೆ ಕಂಡರೆ, ತಡಮಾಡದೆ ಹೃದಯತಜ್ಞರನ್ನು ಕಾಣಬೇಕು. ವೃದ್ಧರಲ್ಲಿ ಜ್ವರವು ಅಲ್ಪವಾಗಿಯೂ ಇರಬಹುದು. ಆಂಟಿಬಯೋಟಿಕ್ ಆರಂಭಿಸುವ ಮೊದಲೇ ರಕ್ತದ ಕಲ್ಚರ್ ಪರೀಕ್ಷೆ ನಡೆಯಬೇಕು. ಅರೆಬರೆ ಔಷಧವು ರೋಗಾಣುವನ್ನು ಕೊಲ್ಲದೆ ಮರೆಮಾಡುತ್ತದೆ. ಕ್ಯಾಲ್ಸಿಯಂನ ನೆರಳಿನಿಂದ ಎದೆಯ ಮೇಲಿನ ಎಕೋ ಪರೀಕ್ಷೆಯಲ್ಲಿ ಗಂಟು ಕಾಣದಿರಬಹುದು. ಆಗ ಅನ್ನನಾಳದ ಮೂಲಕ ಎಕೋ ಮಾಡುತ್ತಾರೆ. ಚಿಕಿತ್ಸೆಯು ಸಾಮಾನ್ಯವಾಗಿ 4ರಿಂದ 6 ವಾರ ರಕ್ತನಾಳದ ಮೂಲಕ ನಡೆಯುತ್ತದೆ. ಕೆಲವರಿಗೆ ಶಸ್ತ್ರಚಿಕಿತ್ಸೆಯೂ ಬೇಕಾಗುತ್ತದೆ.

ಮುನ್ನೆಚ್ಚರಿಕೆಯು ಬಾಯಿಯಿಂದಲೇ ಆರಂಭವಾಗಲಿ. ದಿನಕ್ಕೆರಡು ಬಾರಿ ಹಲ್ಲುಜ್ಜಿರಿ. ದಂತವೈದ್ಯರಿಗೆ ಕವಾಟದ ವಿಷಯ ತಿಳಿಸಿರಿ. ಕವಾಟ ಬದಲಿಸಿಕೊಂಡವರು ಅಥವಾ ಹಿಂದೆ ಈ ಸೋಂಕಿಗೆ ಒಳಗಾದವರು, ಹಲ್ಲು ಕೀಳಿಸುವ ಮುನ್ನ ವೈದ್ಯರ ಸಲಹೆಯಂತೆ ಆಂಟಿಬಯೋಟಿಕ್ ಸೇವಿಸಬೇಕು. ಇಂತಹವರಿಗೆ ಜ್ವರ ಬಂದಾಗ ಮನೆಮದ್ದಿನಲ್ಲಿ ಕಾಲಹರಣ ಸಲ್ಲದು.